ಹಿಂದಕ್ಕೆ ಮಾತ್ರ ಹೋಗುವ ಕಾರು

ಗೇಟಿನಿಂದ ಹಿಂದಕ್ಕೆ ಬರುವಾಗ ಕಾರಿಗೆ ಏನೂ ಆಗಿರಲಿಲ್ಲ. ಮೇಷ್ಟ್ರು ಈ ಸಲ ಕಂಬಕ್ಕೆ ತಾಗಿಸದೆ ಹೊರಗೆ ತಂದದ್ದಕ್ಕೆ ಒಳಗೊಳಗೇ ಖುಷಿಪಟ್ಟು, ಬೀದಿಯಲ್ಲಿ ನೇರ ನಿಲ್ಲಿಸಿ, ಗೇರಿನ ಕೋಲನ್ನು ಮುಂದಕ್ಕೆ ಹೋಗುವ ‘ಡಿ’ಗೆ ಎಳೆದು ಬ್ರೇಕಿನಿಂದ ಕಾಲು ತೆಗೆದರು. ಕಾರು ಕದಲಲಿಲ್ಲ. ಆಕ್ಸಿಲರೇಟರ್ ಒತ್ತಿದರು. ಇಂಜಿನ್ನು ಕೂಗಿತು, ಕಾರು ನಿಂತಲ್ಲೇ ನಿಂತಿತು. ಇನ್ನಷ್ಟು ಒತ್ತಿದರು. ಆ ಶಬ್ದಕ್ಕೆ ಎದುರುಮನೆಯ ಕಿಟಕಿ ತೆರೆದು, ಯಾರ ಕಾರು ಎಂದು ನೋಡಿ, ಮತ್ತೆ ಮುಚ್ಚಿಕೊಂಡಿತು. ಆಗ ಬೆಳಿಗ್ಗೆ ಎಂಟೂವರೆ.

ಪಕ್ಕದ ಸೀಟಿನಲ್ಲಿ ಅತ್ತೆ ಮಡಿಲಲ್ಲಿ ಚೀಲ ಇಟ್ಟುಕೊಂಡು ನೇರ ಮುಂದಕ್ಕೆ ನೋಡುತ್ತ ಕೂತಿದ್ದರು.

“ಹಿಂದಕ್ಕೆ ಬಂತಲ್ಲ ಅಳಿಯಂದ್ರೇ, ಮುಂದಕ್ಕೆ ಯಾಕೆ ಹೋಗ್ತಿಲ್ಲ?”

“ಒಂದ್ನಿಮಿಷ ಅತ್ತೆ. ಬೆಳಿಗ್ಗೆ ಹೊತ್ತು ಸ್ವಲ್ಪ ಹಾಗೆ ಮಾಡುತ್ತೆ.”

ಸ್ವಲ್ಪ ಹಾಗೆ ಮಾಡುತ್ತದೆ ಎಂಬುದು ನಿಜವಾಗಿತ್ತು. ನಾಲ್ಕು ತಿಂಗಳಿಂದ ಮಾಡುತ್ತಿತ್ತು. ಮೊದಮೊದಲು ‘ಡಿ’ಗೆ ಹಾಕಿದರೆ ಒಂದು ಕ್ಷಣ ತಡೆದು ಹಿಡಿಯುತ್ತಿತ್ತು, ಆಮೇಲೆ ಎರಡು ಕ್ಷಣ, ಆಮೇಲೆ ಐದು. ಜೋರಾಗಿ ಒತ್ತಿದರೆ ಧಡ್ ಎಂದು ಹೊರಡುತ್ತಿತ್ತು. ಮೇಷ್ಟ್ರು ಗಣಿತ ಹೇಳಿಕೊಡುವವರು. ಒಂದು, ಎರಡು, ಐದು ಎಂದು ಏರುತ್ತ ಹೋಗುವ ಸಂಖ್ಯೆ ಎಲ್ಲಿಗೆ ಮುಟ್ಟುತ್ತದೆ ಎಂಬುದು ಅವರಿಗೆ ತಿಳಿಯದ್ದೇನಲ್ಲ. ಆದರೂ ಅವರು ಯಾರಿಗೂ ಹೇಳಿರಲಿಲ್ಲ. ಆ ಮನೆಯಲ್ಲಿ ಕಾರಿನ ಮಾತು ತೆಗೆದರೆ ಇನ್ನೊಬ್ಬನ ಮಾತು ತೆಗೆದಂತೆ ಆಗುತ್ತಿತ್ತು.

ಅವನು ಅತ್ತೆಯ ಮಗ. ಆರಡಿ ಎರಡಂಗುಲ ಎತ್ತರದವನಿಗೆ ಮನೆಯಲ್ಲಿ ಇಟ್ಟ ಹೆಸರು ಕುಳ್ಳ. ಪಾರ್ಸೆಲ್ ಕಂಪನಿಯೊಂದರಲ್ಲಿ ವ್ಯಾನು ಓಡಿಸುತ್ತಿದ್ದ. ಭಾವನಿಗೆ ಕ್ಲಚ್ಚು ಒತ್ತುವುದು ಈ ಜನ್ಮದಲ್ಲಿ ಬರುವುದಿಲ್ಲ ಎಂದು ಖಾತ್ರಿಯಾದ ಮೇಲೆ, ಊರೆಲ್ಲ ಹುಡುಕಿ ಈ ಹಳೆಯ ಆಟೋಮ್ಯಾಟಿಕ್ ಕಾರನ್ನು ಕೊಡಿಸಿದವನೂ ಅವನೇ, ಅದರ ಎಣ್ಣೆ ನೀರು ನೋಡಿಕೊಳ್ಳುತ್ತಿದ್ದವನೂ ಅವನೇ. ಮೂರು ವರ್ಷದ ಹಿಂದೆ ಒಂದು ಸಂಜೆ ಅವನ ವ್ಯಾನು, ಎರಡು ಬೀದಿ ಆಚೆ ಇದ್ದ ಪುಸ್ತಕ ಬೈಂಡು ಹಾಕುವವನ ಸೈಕಲ್ಲಿಗೆ ಬಡಿಯಿತು. ಕುಳ್ಳ ನಿಲ್ಲಿಸಲಿಲ್ಲ. ಬೈಂಡರು ಒಂದೂವರೆ ಗಂಟೆ ರಸ್ತೆ ಬದಿಯಲ್ಲಿ ಬಿದ್ದಿದ್ದ. ಯಾರೋ ಎತ್ತಿಕೊಂಡು ಆಸ್ಪತ್ರೆಗೆ ತಂದಾಗ ಅಲ್ಲಿ ಕೆಲಸದಲ್ಲಿದ್ದವಳು ಕುಳ್ಳನ ಅಕ್ಕ, ಮೇಷ್ಟ್ರ ಹೆಂಡತಿ, ನರ್ಸು. ಅವಳ ಕಣ್ಣೆದುರೇ ಬೈಂಡರು ಪ್ರಾಣ ಬಿಟ್ಟ. ಅವಳು ಮನೆಗೆ ಬಂದರೆ ಕುಳ್ಳ ವ್ಯಾನಿನ ಮುಂಭಾಗವನ್ನು ತೊಳೆಯುತ್ತಿದ್ದ. ದೀಪದ ಗಾಜು ಒಡೆದಿತ್ತು. ಅವಳು ಒಳಗೆ ಹೋಗಿ ಚಪ್ಪಲಿ ಕೂಡ ಬಿಡದೆ ಹಾಗೇ ಹೊರಗೆ ಬಂದು, ನಡೆದುಕೊಂಡೇ ಪೊಲೀಸ್ ಠಾಣೆಗೆ ಹೋದಳು.

ಅಂದಿನಿಂದ ಅಕ್ಕ ತಮ್ಮನ ಹೆಸರೆತ್ತಿರಲಿಲ್ಲ, ಈ ಕಾರನ್ನು ಹತ್ತಿರಲಿಲ್ಲ. ತಮ್ಮ ಜೈಲಿನಲ್ಲಿ ಯಾರನ್ನೂ ನೋಡಲು ಒಪ್ಪಿರಲಿಲ್ಲ. ಅತ್ತೆ ತಿಂಗಳು ತಿಂಗಳೂ ಭೇಟಿಯ ಅರ್ಜಿ ಹಾಕುತ್ತಿದ್ದರು. ಅದು ‘ಕೈದಿಗೆ ಇಷ್ಟವಿಲ್ಲ’ ಎಂಬ ಮುದ್ರೆ ಹೊತ್ತು ವಾಪಸು ಬರುತ್ತಿತ್ತು. ಮೂವತ್ತಾರು ಅರ್ಜಿ. ಮೂವತ್ತೇಳನೆಯದಕ್ಕೆ ಒಪ್ಪಿಗೆ ಬಂತು. ತಾಯಿ ಮತ್ತು ಭಾವ, ಇಬ್ಬರೇ. ಇವತ್ತು, ಮಧ್ಯಾಹ್ನ ಎರಡರಿಂದ ಎರಡು ಇಪ್ಪತ್ತರವರೆಗೆ. ತಪ್ಪಿದರೆ ಅವನಿಗೆ ಹೇಳಿಕಳಿಸುವ ದಾರಿಯೂ ಇರಲಿಲ್ಲ. ಕೊನೆಗೂ ಕರೆದೆ, ಅಮ್ಮ ಬರಲಿಲ್ಲ ಎಂದುಕೊಳ್ಳುತ್ತಾನೆ ಅಷ್ಟೆ.

ಜೈಲು ಮೂರು ಗಂಟೆಯ ದಾರಿ. ಬಸ್ಸು, ಟ್ಯಾಕ್ಸಿ, ಬಾಡಿಗೆ ಗಾಡಿಗಳವರದೆಲ್ಲ ಅವತ್ತು ಮುಷ್ಕರ.

ಮೇಷ್ಟ್ರು ಬಾನೆಟ್ ಎತ್ತಿ ನಿಂತರು. ಎತ್ತಿ ನಿಲ್ಲುವುದು ಗೊತ್ತಿತ್ತು, ಮುಂದೇನು ಎಂಬುದು ಗೊತ್ತಿರಲಿಲ್ಲ. ಗ್ಯಾರೇಜಿನವರಿಗೆ ಫೋನು ಮಾಡಿದರು. ಅವರು ಮೆರವಣಿಗೆಯಲ್ಲಿದ್ದರು, ಫೋನಿನ ತುಂಬ ಘೋಷಣೆ.

“ಜೋರಾಗಿ ಹೇಳಿ ಮೇಷ್ಟ್ರೇ! ಡಿ ಹಿಡೀತಿಲ್ವಾ? ಆರ್ ಹಿಡಿಯುತ್ತಾ?... ಮೊದಲು ಎಣ್ಣೆ ನೋಡಿ. ಇಂಜಿನ್ ಎಣ್ಣೆ ಅಲ್ಲ ಸ್ವಾಮಿ, ಗೇರ್‌ಬಾಕ್ಸಿಂದು! ಅದಕ್ಕೇ ಬೇರೆ ಅಳತೆ ಕಡ್ಡಿ ಇರುತ್ತೆ, ಒಳಗಡೆ ಬಗ್ಗಿ ನೋಡಿ. ಇಂಜಿನ್ ಬಿಸಿ ಆಗ್ಲಿ, ಓಡ್ತಾ ಇರ್ಲಿ, ಬ್ರೇಕ್ ಒತ್ಕೊಂಡು ಎಲ್ಲಾ ಗೇರಿಗೂ ಒಂದೊಂದು ಸಲ ಹಾಕಿ, ಪಾರ್ಕಿಗೆ ತಂದು ಆಮೇಲೆ ಕಡ್ಡಿ ಎಳೀರಿ. ಬಿಳೀ ಬಟ್ಟೇಲಿ ಒರೆಸಿ ಬಣ್ಣ ನೋಡಿ. ಕೆಂಪಗಿದ್ರೆ ಬಚಾವು.”

“ಕೆಂಪಗಿಲ್ಲದಿದ್ರೆ?”

ಉತ್ತರ ಘೋಷಣೆಯಲ್ಲಿ ಮುಳುಗಿಹೋಯಿತು.

ಮೇಷ್ಟ್ರು ಸೀಟಿನಲ್ಲಿ ಕೂತು ಬ್ರೇಕು ಒತ್ತಿ, ಒಂದೊಂದೇ ಗೇರು ಹಾಕತೊಡಗಿದರು. ಅತ್ತೆ ಕಾರಿನಿಂದಿಳಿದು ಬಂದು ಮಡ್ಗಾರ್ಡಿನ ಮೇಲೆ ಅಂಗೈ ಊರಿ ನಿಂತರು. ಅವರು ಮೂವತ್ತೊಂದು ವರ್ಷ ನೂಲಿನ ಗಿರಣಿಯಲ್ಲಿ ಯಂತ್ರಗಳ ನಡುವೆ ದುಡಿದವರು. ಆ ಗದ್ದಲ ಅವರ ಅರ್ಧ ಕಿವಿ ತಿಂದುಹಾಕಿತ್ತು. ‘ನಾನು ಕೈಯಲ್ಲೇ ಕೇಳ್ತೀನಿ’ ಎಂದು ನಗುತ್ತಿದ್ದರು, ನಗುತ್ತಿದ್ದ ಕಾಲದಲ್ಲಿ.

“ಇನ್ನೊಂದ್ಸಲ ಹಿಂದಿನ ಗೇರಿಗೆ ಹಾಕಿ,” ಎಂದರು. ಹಾಕಿದರು. “ಈಗ ಮುಂದಿಂದು.” ಹಾಕಿದರು. “ಮತ್ತೆ ಹಿಂದಿಂದು.”

“ಏನಾದ್ರೂ ಗೊತ್ತಾಯ್ತಾ ಅತ್ತೆ?”

“ಹಿಂದಿನ ಗೇರಿಗೆ ಹಾಕ್ದಾಗ ಭಾರ ಬಿದ್ದ ಹಾಗೆ ಇಂಜಿನ್ನು ಒಂಚೂರು ಕುಗ್ಗುತ್ತೆ. ಮೈಯೆಲ್ಲಾ ಜಗ್ಗುತ್ತೆ. ಮುಂದಿಂದಕ್ಕೆ ಹಾಕ್ದಾಗ ಏನೂ ಇಲ್ಲ. ಪಟ್ಟಿ ಜಾರಿದ ಯಂತ್ರ ಹೀಗೇ ಮಾಡ್ತಿತ್ತು. ಮೋಟಾರು ತಿರುಗೋದು, ರಾಟೆ ತಿರುಗ್ತಾ ಇರ್ಲಿಲ್ಲ. ಇಂಜಿನ್ನಲ್ಲಿ ತಪ್ಪಿಲ್ಲ. ನಡುವೆ ಎಲ್ಲೋ ಕೈ ಬಿಟ್ಟಿದೆ.”

ಮೇಷ್ಟ್ರು ತಡಕಾಡಿ ಆ ಎರಡನೆಯ ಕಡ್ಡಿಯನ್ನು ಕಂಡುಹಿಡಿದರು. ಬಿಳಿ ಬಟ್ಟೆ ಬೇಕಿತ್ತು. ಜೈಲಿಗೆ ಹೋಗಲೆಂದು ಇಸ್ತ್ರಿ ಮಾಡಿ ಜೇಬಿನಲ್ಲಿಟ್ಟುಕೊಂಡಿದ್ದ ಕರವಸ್ತ್ರವನ್ನೇ ತೆಗೆದರು. ಒರೆಸಿದರೆ ಕೆಂಪಿನ ಸುಳಿವಿಲ್ಲ. ಹಾಲಿಲ್ಲದ ಕಾಫಿಯ ಬಣ್ಣ, ಒಲೆಯ ಮೇಲೆ ಮರೆತ ಬಾಣಲೆಯ ಕಮಟು. ಎಣ್ಣೆ ಕೆಳಗಿನ ಗೆರೆಗೂ ಮುಟ್ಟಿರಲಿಲ್ಲ. ಮೂರು ವರ್ಷದಲ್ಲಿ ಆ ಕಡ್ಡಿಯನ್ನು ಯಾರೂ ಹೊರಗೆಳೆದೇ ಇರಲಿಲ್ಲ.

ಹೆಂಡತಿ ರಾತ್ರಿ ಪಾಳಿ ಮುಗಿಸಿ, ಮುಷ್ಕರದಿಂದಾಗಿ ಆಸ್ಪತ್ರೆಯಿಂದ ನಡೆದೇ ಮನೆ ಮುಟ್ಟಿದಾಗ ಒಂಬತ್ತೂಕಾಲು. ಅಷ್ಟು ಹೊತ್ತಿಗೆ ಇವರು ಹೋಗಿರುತ್ತಾರೆ, ತಾನು ಕಣ್ಣು ಮುಚ್ಚಿ ಮಲಗಬಹುದು ಎಂದುಕೊಂಡು ಬಂದವಳು. ಬೀದಿಯಲ್ಲಿ ಬಾನೆಟ್ ಎತ್ತಿದ ಕಾರು, ಶರ್ಟಿನ ತೋಳಿನ ತುಂಬ ಮಸಿ ಮಾಡಿಕೊಂಡ ಗಂಡ, ಮಡ್ಗಾರ್ಡಿಗೆ ಕೈ ಕೊಟ್ಟು ನಿಂತ ತಾಯಿ.

“ಇನ್ನೂ ಹೋಗಿಲ್ವಾ?”

ಅವಳು ಕರವಸ್ತ್ರ ಇಸಿದುಕೊಂಡು ನೋಡಿದಳು, ಮೂಸಿದಳು, ಗಾಯದ ಬಟ್ಟೆ ನೋಡುವ ಹಾಗೆ ಬೆಳಕಿಗೆ ಹಿಡಿದಳು.

“ಎಷ್ಟು ದಿನದಿಂದ ರೀ?”

“ಏನು ಎಷ್ಟು ದಿನದಿಂದ?”

“ಇದು ಒಂದೇ ದಿನಕ್ಕೆ ಹೀಗಾಗಲ್ಲ. ಮೊದಲೇ ಏನಾದ್ರೂ ತೋರಿಸಿರುತ್ತೆ.”

“ನಾಲ್ಕು ತಿಂಗಳು,” ಎಂದರು ಮೇಷ್ಟ್ರು. “ಸ್ವಲ್ಪ ತಡವಾಗಿ ಹಿಡೀತಿತ್ತು. ಒತ್ತಿದ್ರೆ ಹೋಗ್ತಿತ್ತು.”

ಅತ್ತೆ ಅಳಿಯನ ಮುಖ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಮೇಷ್ಟ್ರಿಗೆ.

ಹೆಂಡತಿ ಚೀಲವನ್ನು ಗೇಟಿಗೆ ಸಿಕ್ಕಿಸಿ ಹಿತ್ತಿಲಿನ ಶೆಡ್ಡಿಗೆ ಹೋದಳು. ತಮ್ಮನ ಸಾಮಾನುಗಳಿದ್ದ ಆ ಶೆಡ್ಡಿಗೂ ಅವಳು ಕಾಲಿಟ್ಟಿರಲಿಲ್ಲ. ತುಸು ಹೊತ್ತಿನ ಮೇಲೆ ಧೂಳು ಕವಿದ ಒಂದು ಡಬ್ಬಿ, ಉದ್ದ ಮೂತಿಯ ಒಂದು ಆಲಿಕೆ, ಎರಡು ಇಟ್ಟಿಗೆ ಹಿಡಿದು ಬಂದಳು. ಡಬ್ಬಿಗೆ ಅಂಟಿಸಿದ ಕಾಗದದಲ್ಲಿ ಕುಳ್ಳನ ದಪ್ಪಕ್ಷರ: ‘ಗೇರ್‌ಬಾಕ್ಸಿಗೆ ಮಾತ್ರ. ಇಂಜಿನ್ನಿಗೆ ಅಲ್ಲ, ಭಾವಾ!’

ಡಬ್ಬಿಯಲ್ಲಿ ಅರ್ಧಕ್ಕಿಂತ ಹೆಚ್ಚಿತ್ತು. ಅದನ್ನು ಸುರಿಯುವ ಮೊದಲು ಅವಳು ಇಂಜಿನ್ನು ಆರಿಸಿ, ಚಕ್ರಗಳಿಗೆ ಇಟ್ಟಿಗೆ ಕೊಟ್ಟು, ನರ್ಸಿನ ಸಮವಸ್ತ್ರದಲ್ಲೇ ನೆಲದ ಮೇಲೆ ಅಂಗಾತ ಮಲಗಿ ಕಾರಿನ ಕೆಳಗೆ ತಲೆ ತೂರಿಸಿದಳು.

“ಕೋಲು ಎಳೀರಿ. ಆರ್... ಎನ್... ಡಿ... ಇಲ್ಲಿ ಒಂದು ಸಣ್ಣ ಕೈ ಇದೆ. ನೀವು ಎಳೆದ ಹಾಗೆ ಇದೂ ಸರೀತಿದೆ. ತಂತಿ ಕಳಚಿಕೊಂಡಿಲ್ಲ.” ಕೆಳಗಿನಿಂದ ಧ್ವನಿ ಬರುತ್ತಿತ್ತು. “ಪೈಪಿನ ಸಂದಿ ಒದ್ದೆ ಇದೆ. ಇಲ್ಲೇ ತೊಟ್ಟಿಕ್ಕಿ ತೊಟ್ಟಿಕ್ಕಿ ಖಾಲಿಯಾಗಿದೆ.”

ಅವಳು ಹೊರಗೆ ಬಂದಾಗ ಕೂದಲ ತುಂಬ ಮಣ್ಣು. ಸಂದಿಯ ನಟ್ಟನ್ನು ಡಿಕ್ಕಿಯಲ್ಲಿದ್ದ ಪಾನಾದಿಂದ ಬಿಗಿ ಮಾಡಿದಳು. ಮೇಷ್ಟ್ರು ಆಲಿಕೆ ಹಿಡಿದರು. ಅವಳು ಕಡ್ಡಿಯ ಕೊಳವೆಗೆ ಎಣ್ಣೆಯನ್ನು ಸ್ವಲ್ಪಸ್ವಲ್ಪವೇ ಇಳಿಸಿದಳು, ನಿಲ್ಲಿಸಿ ಅಳೆದಳು, ಮತ್ತೆ ಇಳಿಸಿದಳು. ಹೊಸ ಎಣ್ಣೆ ಚೆರ್ರಿ ಹಣ್ಣಿನ ಹಾಗೆ ಕೆಂಪಗಿತ್ತು. ಇಂಜಿನ್ನು ಹಾಕಿ ಅಳೆದರೆ ಮಟ್ಟ ಮೇಲಿನ ಗೆರೆಗೆ ಬಂದಿತ್ತು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮೇಷ್ಟ್ರು ‘ಡಿ’ಗೆ ಎಳೆದರು. ಕಾರು ಒಮ್ಮೆ ಕೊಸರಿ, ನಿಧಾನವಾಗಿ ಮುಂದಕ್ಕೆ ಸರಿಯಿತು.

“ಹೋಗ್ತಿದೆ! ಹೋಗ್ತಿದೆ ಕಣೇ!” ಅತ್ತೆ ಮಗಳ ರಟ್ಟೆ ಹಿಡಿದು ಅಲುಗಿಸಿದರು. ಮೂರು ವರ್ಷದಲ್ಲಿ ಅವರು ಮಗಳನ್ನು ಮುಟ್ಟಿದ್ದು ಅದೇ ಮೊದಲು. ಇಬ್ಬರಿಗೂ ಅದು ಆ ಕ್ಷಣಕ್ಕೆ ತಿಳಿಯಲಿಲ್ಲ.

ಹತ್ತು ಅಡಿ. ಹದಿನೈದು. ಆಮೇಲೆ ಹಗ್ಗ ಕಡಿದಂತೆ ಇಂಜಿನ್ನಿನ ಧ್ವನಿ ಒಮ್ಮೆಗೇ ಮೇಲೇರಿತು, ಕಾರು ನಿಂತಿತು. ಮೇಷ್ಟ್ರು ಒತ್ತಿದರು, ಬಿಟ್ಟರು, ಮತ್ತೆ ಒತ್ತಿದರು. ಕೋಲನ್ನು ‘ಎರಡು’ಕ್ಕೆ ತಂದರು, ‘ಒಂದು’ಕ್ಕೆ ತಂದರು. ಕಮಟು ವಾಸನೆ ಕಾರಿನ ಒಳಗೂ ತುಂಬಿತು.

“ಸಾಕು ಬಿಡ್ರೀ,” ಎಂದಳು ಹೆಂಡತಿ. “ಸಾಯಿಸ್ತಿದೀರ.”

ಗ್ಯಾರೇಜಿನವರು ಈ ಸಲ ಮೂರನೆಯ ಫೋನಿಗೆ ಸಿಕ್ಕರು. “ಎಲ್ಲಾ ಮುಂದಿನ ಗೇರೂ ಹೋಗಿ, ಹಿಂದಿಂದು ಮಾತ್ರ ಹಿಡಿದ್ರೆ, ಒಳಗೆ ಮುಂದಕ್ಕೆಳೆಯೋ ಪ್ಲೇಟುಗಳು ಸವೆದು ಸುಟ್ಟಿವೆ ಅಂತ ಅರ್ಥ ಮೇಷ್ಟ್ರೇ. ಕೆಳಗಿಳಿಸಿ ಬಿಚ್ಚಬೇಕು. ಒಂದು ವಾರದ ಕೆಲಸ. ಬೀದೀಲಿ ಕೂತು ಆಗೋದಲ್ಲ.”

ಹತ್ತು ಗಂಟೆ ಐದು ನಿಮಿಷ. ಮೇಷ್ಟ್ರು ಎದುರುಮನೆಗೆ ಹೋದರು. ಅಲ್ಲಿದ್ದದ್ದು ಲೈನ್‌ಮನ್ನು, ಅವನ ಹತ್ತಿರ ಸ್ಕೂಟರಿತ್ತು. ಅವನು ಬಾಗಿಲು ಪೂರ್ತಿ ತೆರೆಯದೆ ಕೇಳಿಸಿಕೊಂಡ.

“ನಿಮ್ಮ ಮೇಲೆ ನನಗೇನೂ ಇಲ್ಲ ಮೇಷ್ಟ್ರೇ. ಡಾಕ್ಟ್ರ ಹತ್ರ ಅಂದಿದ್ರೆ ಈಗ್ಲೇ ಬೀಗದ ಕೈ ಕೊಡ್ತಿದ್ದೆ. ಅವನನ್ನ ನೋಡೋಕೆ ಅಂದ್ರೆ ಬೇಡ. ಬೈಂಡರು ನನ್ನ ಜೊತೆ ಓದಿದೋನು.”

ವಾಪಸು ಬಂದರೆ ಅತ್ತೆ ಕಾರಿನ ಹೊಸ್ತಿಲ ಮೇಲೆ, ಬಾಗಿಲು ತೆರೆದಿಟ್ಟುಕೊಂಡು ಕೂತಿದ್ದರು. ಚೀಲದಿಂದ ಒಂದು ಉಣ್ಣೆಯ ಅಂಗಿ ಇಣುಕುತ್ತಿತ್ತು. “ನಾನು ನಡೀತೀನಿ,” ಎಂದರು. ಯಾರಿಗೂ ಹೇಳಿದ್ದಲ್ಲ. ಕಳೆದ ವರ್ಷ ಎರಡೂ ಮಂಡಿಗೆ ಶಸ್ತ್ರಚಿಕಿತ್ಸೆಯಾದವರು, ಮೆಟ್ಟಿಲು ಹತ್ತಲು ಗೋಡೆ ಹಿಡಿಯುವವರು, ಎದ್ದು ನಿಂತು ನಿಜವಾಗಿಯೂ ನಡೆಯಲು ಶುರುಮಾಡಿದರು. ಮಗಳು ಹಿಂದೆ ಓಡಿ ಭುಜ ಹಿಡಿದು ನಿಲ್ಲಿಸಿದಳು. ಅತ್ತೆ ಕೈ ಕೊಡವಿದರು.

“ಬಿಡು ನನ್ನ. ಅವತ್ತು ನೀನು ನಡೆದುಕೊಂಡೇ ಹೋದೆಯಲ್ಲ, ಠಾಣೆಗೆ? ನನ್ನ ಮಗನ್ನ ಹಿಡಿದುಕೊಡೋಕೆ ನಿನಗೆ ಕಾಲಿತ್ತು. ನೋಡೋಕೆ ಹೋಗೋಕೆ ನನಗೆ ಕಾಲಿಲ್ವಾ?”

ಮೂರು ವರ್ಷ ಒಂದೇ ಸೂರಿನಡಿ ಇದ್ದು ಆಡದೆ ನುಂಗಿದ ಮಾತು ಬೀದಿಯ ನಡುವೆ ಬಂದಿತ್ತು. ಮಗಳು ಅಳಲಿಲ್ಲ. ತಾಯಿಯನ್ನು ಬಿಡಲೂ ಇಲ್ಲ.

“ಸ್ಟೇಷನ್ನಿಗೆ ಎಷ್ಟು ದೂರ?” ಎಂದು ಗಂಡನ ಕಡೆ ತಿರುಗಿದಳು.

“ಯಾವ ಸ್ಟೇಷನ್ನು?”

“ರೈಲಿಂದು. ಹನ್ನೊಂದೂ ಇಪ್ಪತ್ತಕ್ಕೆ ಒಂದಿದೆ. ಒಂದೂವರೆಗೆ ಅಲ್ಲಿರುತ್ತೆ, ಜೈಲು ಸ್ಟೇಷನ್ನಿನ ಪಕ್ಕದಲ್ಲೇ. ಮುಷ್ಕರ ರೈಲಿನವರದಲ್ಲ.”

ರೈಲಿನ ವಿಷಯ ಮೇಷ್ಟ್ರಿಗೆ ಗೊತ್ತಿತ್ತು. ಅತ್ತೆಗೆ ಮೇಲ್ಸೇತುವೆ ಹತ್ತುವುದು ಕಷ್ಟ, ಆ ರೈಲು ಸಮಯಕ್ಕೆ ಸರಿಯಾಗಿ ಬಂದರೆ ಪುಣ್ಯ, ಕಾರಿದ್ದಾಗ ಅದೇಕೆ ಎಂದು ಬಿಟ್ಟಿದ್ದರು. “ಐದು ಕಿಲೋಮೀಟರು. ಹೇಗೆ ಹೋಗೋದು? ಗಾಡಿ ಎಲ್ಲಿದೆ?”

“ಇದು ಹಿಂದಕ್ಕೆ ಹೋಗುತ್ತಲ್ಲ.”

“ಹೂಂ.”

“ಹಾಗಾದ್ರೆ ಹಿಂದಕ್ಕೇ ಹೋಗೋಣ. ಹತ್ತಿ.”

ಮೇಷ್ಟ್ರು ಬೀದಿಯ ಉದ್ದಕ್ಕೂ ನೋಡಿದರು. ಬಸ್ಸಿಲ್ಲ, ಟ್ಯಾಕ್ಸಿಯಿಲ್ಲ, ರಸ್ತೆಗಳು ಬಿಕೋ ಎನ್ನುತ್ತಿದ್ದವು. ಆಗದ ಮಾತೇನಲ್ಲ. ಆದರೆ ಗೇಟಿನಿಂದ ಹೊರಗೆ ತರುವುದರಲ್ಲೇ ಮೂರು ಸಲ ಕಂಬಕ್ಕೆ ಗುದ್ದಿದ ಮನುಷ್ಯ ಐದು ಕಿಲೋಮೀಟರು ಹಿಂದಕ್ಕೆ ಓಡಿಸುವುದುಂಟೆ? ಅವರು ಅದನ್ನು ಹೇಳುವ ಮೊದಲೇ ಹೆಂಡತಿ ಡ್ರೈವರ್ ಸೀಟಿನಲ್ಲಿ ಕೂತಾಗಿತ್ತು. ಅವಳಿಗೆ ಓಡಿಸಲು ಕಲಿಸಿದ್ದು ಕುಳ್ಳನೇ. ಗಿರಣಿಯ ಹಿಂದಿನ ಮೈದಾನದಲ್ಲಿ ಮೊದಲ ಒಂದು ವಾರ ಬರೀ ರಿವರ್ಸು: ‘ಹಿಂದಕ್ಕೆ ಬಂದ್ರೆ ಮುಂದಕ್ಕೆ ತಾನಾಗೇ ಬರುತ್ತೆ ಕಣಕ್ಕ.’

ಅತ್ತೆಯನ್ನು ಮುಂದೆ ಕೂರಿಸಿದರು. ಮೇಷ್ಟ್ರು ಹಿಂದಿನ ಸೀಟಿನಲ್ಲಿ ಮಂಡಿಯೂರಿ ಹಿಂದಿನ ಗಾಜಿಗೆ ಮುಖ ಕೊಟ್ಟರು. ಹೆಂಡತಿ ಎಡಗೈಯನ್ನು ಪಕ್ಕದ ಸೀಟಿನ ಬೆನ್ನಿಗೆ, ತಾಯಿಯ ಕತ್ತಿನ ಹಿಂದೆ ಚಾಚಿ, ಕುತ್ತಿಗೆ ಪೂರ್ತಿ ಹೊರಳಿಸಿ, ‘ಆರ್’ ಹಾಕಿದಳು. ಹಿಡಿಯಿತು.

ಅವರ ಬೀದಿ ದಾಟಿತು. ಗಂಟೆಗೆ ಹದಿನೈದು ಕಿಲೋಮೀಟರು ಇರಬಹುದು, ಅದಕ್ಕಿಂತ ಜೋರು ಹೋದರೆ ಬಾಲ ಅತ್ತಿತ್ತ ಹೊಯ್ದಾಡುತ್ತಿತ್ತು. “ಬಲಕ್ಕೆ... ಸ್ವಲ್ಪ ಬಲಕ್ಕೆ... ನಾಯಿ, ನಾಯಿ!... ಹೋಯ್ತು, ಬಾ,” ಎಂದು ಮೇಷ್ಟ್ರು ಕೂಗುತ್ತಿದ್ದರು. ಅಂಗಡಿ ಮುಂದೆ ನಿಂತವರು ನಕ್ಕರು. ಒಬ್ಬ ಫೋನು ತೆಗೆದು ಚಿತ್ರ ಹಿಡಿದ. ದೊಡ್ಡ ರಸ್ತೆಗೆ ಹೋಗಲು ಒಂದೇ ದಾರಿ, ಅದು ಬೈಂಡರನ ಬೀದಿ. ಮೂರು ವರ್ಷದಿಂದ ಮೇಷ್ಟ್ರ ಮನೆಯವರು ಸುತ್ತು ಬಳಸಿ ನಡೆಯುತ್ತಿದ್ದರು. ಆ ಬಳಸು ದಾರಿಯಲ್ಲಿ ಕಾರು ತೂರುತ್ತಿರಲಿಲ್ಲ; ಮೇಷ್ಟ್ರು ಅದನ್ನು ಇನ್ನೊಂದು ದಿಕ್ಕಿನಲ್ಲಿದ್ದ ಶಾಲೆಗಷ್ಟೇ ಒಯ್ಯುತ್ತಿದ್ದರು.

ಬೈಂಡರನ ಹೆಂಡತಿ ಅಂಗಡಿ ಮುಚ್ಚಿರಲಿಲ್ಲ. ಈಗ ಅವಳೇ ಪುಸ್ತಕ ಹೊಲಿಯುತ್ತಿದ್ದಳು. ಅಂಟು ಒಣಗಲೆಂದು ರಟ್ಟು ಹಾಕಿದ ಪುಸ್ತಕಗಳನ್ನು ರಸ್ತೆಯಂಚಿನ ಹಲಗೆಯ ಮೇಲೆ ಬಿಸಿಲಿಗೆ ಹರವಿ ಪಕ್ಕದಲ್ಲಿ ಕೂತಿದ್ದಳು. ಹಲಗೆ ಅರ್ಧ ರಸ್ತೆಗೆ ಬಂದಿತ್ತು. ಮೇಷ್ಟ್ರು “ನಿಲ್ಸು” ಎಂದರು. ಹೆಂಡತಿ ನಿಲ್ಲಿಸಿದಳು. ಹಾರ್ನು ಬಾರಿಸುವ ಧೈರ್ಯ ಯಾರಿಗೂ ಇರಲಿಲ್ಲ. ಗಡಿಯಾರದಲ್ಲಿ ಹತ್ತೂ ನಲವತ್ತು.

ಅವಳು ತಲೆಯೆತ್ತಿ ಕಾರನ್ನು ನೋಡಿದಳು, ಕಾರಿನೊಳಗಿನವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಎಲ್ಲಿಗೆ ಎಂದು ತಿಳಿಯಿತೋ ಇಲ್ಲವೋ, ಹೇಳಲಾಗದು. ಎದ್ದು, ಹಲಗೆಯ ಒಂದು ತುದಿ ಹಿಡಿದು ಗೋಡೆಗೆ ಎಳೆದುಕೊಂಡಳು. ಎರಡು ಪುಸ್ತಕ ಕೆಳಗೆ ಬಿದ್ದವು. ಅವನ್ನು ಎತ್ತಿ ಎದೆಗವಚಿಕೊಂಡು ನಿಂತಳು. ಕಾರು ಅವಳನ್ನು ಹಾದುಹೋಯಿತು. ಹಿಂದಕ್ಕೆ ಹೋಗುವ ಕಾರಾದ್ದರಿಂದ ಅವಳು ಅವರ ಕಣ್ಣಿನಿಂದ ಬೇಗ ಮರೆಯಾಗಲಿಲ್ಲ. ಬೀದಿಯ ಕೊನೆಯವರೆಗೂ ಅತ್ತೆಗೆ ಎದುರಾಗಿಯೇ ನಿಂತಿದ್ದಳು. ಅತ್ತೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, “ಅಯ್ಯೋ ತಾಯಿ, ಅಯ್ಯೋ ತಾಯಿ,” ಎನ್ನುತ್ತಿದ್ದರು.

ದೊಡ್ಡ ರಸ್ತೆ ಕೂಡುವಲ್ಲಿ ಒಬ್ಬ ಪೊಲೀಸಿನವನು ಕೈ ಅಡ್ಡ ಹಿಡಿದ.

“ಏನಮ್ಮಾ ಇದು, ಸರ್ಕಸ್ಸಾ?”

“ಮುಂದಿನ ಗೇರು ಹೋಗಿದೆ ಸಾರ್. ಹನ್ನೊಂದೂ ಇಪ್ಪತ್ತರ ರೈಲು ಹಿಡೀಬೇಕು.”

“ರೈಲು ಮುಖ್ಯವೋ ಪ್ರಾಣ ಮುಖ್ಯವೋ?”

ಅತ್ತೆ ಕಿಟಕಿಯಿಂದ ಕತ್ತು ಹೊರಗೆ ಹಾಕಿದರು. “ರೈಲೇ ಮುಖ್ಯ ಕಣಪ್ಪ,” ಎಂದರು. ಅದರಲ್ಲಿ ತಮಾಷೆಯ ಸುಳಿವಿರಲಿಲ್ಲ. ಅವರ ಮುಖದಲ್ಲಿ ಏನು ಕಂಡನೋ, ಪೊಲೀಸಿನವನು ಸುತ್ತ ಕಣ್ಣಾಡಿಸಿ, “ಅಂಚಿಗೇ ಹೋಗ್ರಿ. ನಾನು ನೋಡಿಲ್ಲ,” ಎಂದು ಬೇರೆ ಕಡೆ ತಿರುಗಿದ.

ಸ್ಟೇಷನ್ನಿಗೆ ಇನ್ನೂ ಒಂದು ಕಿಲೋಮೀಟರಿದ್ದಾಗ ಕಾರಿನ ಕೆಳಗಿನಿಂದ ಹೊಗೆ ಎದ್ದಿತು. ಹೆಂಡತಿ ನಿಲ್ಲಿಸಲಿಲ್ಲ. ಅವಳ ಕತ್ತಿನ ನರ ಉಬ್ಬಿಕೊಂಡು, ಕಣ್ಣಿಂದ ನೀರು ಸುರಿಯುತ್ತಿತ್ತು; ನೋವಿಗೋ, ನಿದ್ದೆಗೋ, ಇನ್ನಾವುದಕ್ಕೋ. ಸ್ಟೇಷನ್ನಿನ ಅಂಗಳದ ಇಳಿಜಾರಿನಲ್ಲಿ ಹಿಂದಿನ ಗೇರೂ ಕೈಬಿಟ್ಟಿತು. ಕಾರು ತನ್ನ ಪಾಡಿಗೆ ತಾನು ಉರುಳಿ, ಸೈಕಲ್ಲು ನಿಲ್ಲಿಸುವ ಕಟ್ಟೆಗೆ ಮೆಲ್ಲಗೆ ಒರಗಿ ನಿಂತಿತು. ಹನ್ನೊಂದೂ ಹತ್ತು. ರೈಲು ಅವತ್ತು ಎಂಟು ನಿಮಿಷ ತಡ. ಗಂಡ ಹೆಂಡತಿ ಇಬ್ಬರೂ ಸೇರಿ ಅತ್ತೆಯನ್ನು ಹೆಚ್ಚುಕಡಿಮೆ ಎತ್ತಿಕೊಂಡೇ ಮೇಲ್ಸೇತುವೆ ದಾಟಿಸಿದರು.

“ನೀನೂ ಬಾ,” ಎಂದರು ಮೇಷ್ಟ್ರು, ರೈಲಿನ ಬಾಗಿಲಲ್ಲಿ ನಿಂತು.

“ಪಟ್ಟಿಯಲ್ಲಿ ಇಬ್ಬರೇ ತಾನೆ?” ಎಂದಳು. ರೈಲು ಹೊರಟಿತು.

ಜೈಲಿನ ಭೇಟಿಯ ಕೋಣೆಯಲ್ಲಿ ಎರಡು ಸಾಲು ತಂತಿಬಲೆ, ನಡುವೆ ಒಂದು ಮೊಳ ಖಾಲಿ ಜಾಗ. ಕುಳ್ಳ ಬಂದು ಆ ಕಡೆ ನಿಂತಾಗ ಅತ್ತೆಗೆ ಮೊದಲು ಗುರುತು ಸಿಗಲಿಲ್ಲ. ಭುಜ ಇಳಿದು ಅವನು ಹೆಸರಿಗೆ ತಕ್ಕ ಹಾಗೆ ಆಗಿದ್ದ. ತಾಯಿ ಮಗ ಒಬ್ಬರನ್ನೊಬ್ಬರು ನೋಡಿದರು, ಅಷ್ಟೆ. ಗೋಡೆಯ ಗಡಿಯಾರದಲ್ಲಿ ಎರಡು ನಿಮಿಷ ಕಳೆಯಿತು, ಮೂರು ಕಳೆಯಿತು. ಮೂರು ವರ್ಷ ಕಾದು ಬಂದದ್ದು ಇದಕ್ಕೇನಾ ಎನ್ನಿಸಿತು ಮೇಷ್ಟ್ರಿಗೆ.

“ಕಾರಲ್ಲಿ ಬಂದ್ರಾ?” ಎಂದ ಕೊನೆಗೆ, ಭಾವನನ್ನು ನೋಡಿ. ಶರ್ಟಿನ ಮಸಿ ಕಂಡಿರಬೇಕು.

ಮೇಷ್ಟ್ರು ಅದನ್ನೇ ಹಿಡಿದುಕೊಂಡರು. ‘ಡಿ’ ಹಿಡಿಯದ್ದು, ಅತ್ತೆಯ ಅಂಗೈ, ಕಡ್ಡಿ, ಡಬ್ಬಿ, ಹದಿನೈದು ಅಡಿ ಹೋದದ್ದು, ಕೊನೆಗೆ ರೈಲು ಹಿಡಿದದ್ದು, ಎಲ್ಲ ಹೇಳಿದರು. ಕುಳ್ಳ ಬಲೆಗೆ ಹತ್ತಿರವಾದ. ಅವನ ಕಣ್ಣು ಚುರುಕಾಯಿತು.

“ಎಣ್ಣೆ ಯಾವ ಬಣ್ಣ ಇತ್ತು?”

“ಕಾಫಿ ಬಣ್ಣ.”

“ಸುಟ್ಟ ವಾಸನೆ?”

“ಹೂಂ.”

“ಎರಡು, ಒಂದು, ಯಾವುದಕ್ಕೂ ಹಿಡೀಲಿಲ್ವಾ?... ಮುಂದಿನ ಪ್ಲೇಟೇ ಅದು. ಮೊದಲೇ ಜಾರಿರುತ್ತಲ್ಲ ಭಾವ, ತಡವಾಗಿ ಹಿಡೀತಿರಲಿಲ್ವಾ? ಎಷ್ಟು ದಿನದಿಂದ?”

“ನಾಲ್ಕು ತಿಂಗಳು.”

“ಯಾರಿಗೂ ಹೇಳ್ಲಿಲ್ವಾ?”

“ಇಲ್ಲ.”

“ಹೇಳ್ಬೇಕಿತ್ತು. ಆಗ್ಲೇ ಯಾರಿಗಾದ್ರೂ ಹೇಳಿದ್ರೆ ಉಳೀತಿತ್ತು, ಭಾವ. ನೀವು ಸುಮ್ನೆ...”

ಅವನು ಅಲ್ಲಿಗೆ ನಿಲ್ಲಿಸಿದ. ತನ್ನ ಬಾಯಿಂದ ಬಂದದ್ದು ತನ್ನ ಕಿವಿಗೇ ಬಿದ್ದಿತ್ತು. ಬೆರಳುಗಳು ಬಲೆಯ ತಂತಿಯನ್ನು ಹಿಡಿದು ಬಿಳುಚಿಕೊಂಡವು. ಗಂಟಲಿನಿಂದ ಒಂದು ಶಬ್ದ ಹೊರಟಿತು. ಅತ್ತೆಯ ಅರ್ಧ ಕಿವಿಗೂ ಅದು ಕೇಳಿಸಿತು. ಕಾವಲಿನವನು ಇತ್ತ ತಿರುಗಿ ನೋಡಿ ಮತ್ತೆ ಅತ್ತ ತಿರುಗಿದ.

“ಮಾತಾಡೋ ಮಗಾ,” ಎಂದರು ಅತ್ತೆ. “ಹೊತ್ತಿಲ್ಲ ಕಣೋ.”

ಅವನು ತೋಳಿನಿಂದ ಮುಖ ಒರೆಸಿಕೊಂಡ. “ಸ್ಟೇಷನ್ನಿಗೆ ಹೇಗೆ ಬಂದ್ರಿ?”

“ಹಿಂದಕ್ಕೆ,” ಎಂದರು ಮೇಷ್ಟ್ರು. “ಪೂರ್ತಿ ಹಿಂದಕ್ಕೆ.”

“ನೀವಲ್ಲ ಓಡಿಸಿದ್ದು.”

“ನಾನಲ್ಲ.”

ಕುಳ್ಳನ ತುಟಿ ಎರಡು ಸಲ ಅಲುಗಿ ನಿಂತಿತು. “ಕತ್ತು ಹಿಡಿದುಕೊಂಡಿರುತ್ತೆ ಅವಳಿಗೆ,” ಎಂದ. “ಐದು ಕಿಲೋಮೀಟರು.” ಅಷ್ಟರಲ್ಲಿ ಗಂಟೆ ಹೊಡೆಯಿತು.

ಸಂಜೆಯ ರೈಲಿನಿಂದ ಇಳಿದಾಗ ಅವಳು ಅಂಗಳದಲ್ಲೇ ಇದ್ದಳು. ಸತ್ತ ಕಾರಿನ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡಿ ಎದ್ದಿದ್ದಳು. ತಲೆ ಒಂದು ಕಡೆಗೇ ವಾಲಿತ್ತು, ನೇರ ಮಾಡಲು ಬರುತ್ತಿರಲಿಲ್ಲ. ಏನಂದ ಎಂದು ಕೇಳಲಿಲ್ಲ. ಮೇಷ್ಟ್ರೇ ಎಲ್ಲವನ್ನೂ ಒಂದಾದ ಮೇಲೊಂದರಂತೆ, ಏನನ್ನೂ ಬಿಡದೆ ಹೇಳಿದರು. ಅವಳು ನೆಲ ನೋಡುತ್ತ ಕೇಳಿದಳು. ಅತ್ತೆ ಮುಂದೆ ಬಂದು, ಮಗಳ ಕತ್ತಿನ ಮೇಲೆ ಅಂಗೈ ಇಟ್ಟು, ಹಾಗೇ ಹಿಡಿದುಕೊಂಡು ನಿಂತರು.

ಕಾರನ್ನು ಗ್ಯಾರೇಜಿನವರು ಬಿಡಿಭಾಗಕ್ಕೆಂದು ಎಳೆದುಕೊಂಡು ಹೋದರು. ಮರುತಿಂಗಳು ಭೇಟಿಯ ಪಟ್ಟಿಯಲ್ಲಿ ಅಕ್ಕನ ಹೆಸರಿರಲಿಲ್ಲ, ಅದರ ಮರುತಿಂಗಳೂ ಇರಲಿಲ್ಲ. ಹೆಸರು ಬರೆಸಬೇಕಾದವನು ಕುಳ್ಳ; ಅವನು ಬರೆಸಲಿಲ್ಲ. ಆದರೂ ಅವಳು ರಜೆ ಹಾಕಿ ಅವರ ಜೊತೆ ರೈಲು ಹತ್ತುತ್ತಿದ್ದಳು. ಅವರಿಬ್ಬರೂ ಒಳಗೆ ಹೋದ ಮೇಲೆ ಜೈಲಿನ ಹೊರಗಿನ ಕಲ್ಲುಬೆಂಚಿನ ಮೇಲೆ ಕೂತಿರುತ್ತಿದ್ದಳು. ಇದನ್ನು ಕುಳ್ಳನಿಗೆ ಯಾರೂ ಹೇಳಿರಲಿಲ್ಲ.

ನಾಲ್ಕನೆಯ ಸಲ ಹೋದಾಗ ಬೇಸಗೆ. ಭೇಟಿ ಮುಗಿಯುವ ಗಂಟೆಯಾಗಿ, ತಿರುಗಿ ಒಳಗೆ ಹೋಗುತ್ತಿದ್ದವನು ನಿಂತ.

“ಅಮ್ಮಾ, ಹೊರಗೆ ಬಿಸಿಲು ಜೋರಿದೆಯಾ?”

“ಇದೆ ಕಣೋ. ಸುಡ್ತಾ ಇದೆ.”

“ಗೇಟಿನ ಎಡಗಡೆ ಗೋಡೆ ಬದೀಲಿ ಈ ಹೊತ್ತಿಗೆ ನೆರಳಿರುತ್ತೆ,” ಎಂದ. “ಅಲ್ಲಿ ಕೂತ್ಕೊಳ್ಳೋಕೆ ಹೇಳು.”